ಪಕ್ಕದ ಜಾಗದ ಕಾಡು, ಒಣಮರ: ನಾನು ಮಾಡಿದ್ದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಮ್ಮ ಮನೆಗೆ ತಾಗಿದ ಜಾಗದ ಯಜಮಾನರು ಇರುವುದು ಮುಂಬೈಯಲ್ಲಿ. ವರ್ಷಗಟ್ಟಲೆ ಯಾರೂ ತಿರುಗಿ ನೋಡದೆ ಕಮ್ಯೂನಿಸ್ಟ್ ಗಿಡ ಎಂಬ ಕಳೆ ಆಳೆತ್ತರ ಬೆಳೆದು, ಕೊಳಕುಮಂಡಲ ಹಾವು ನಮ್ಮ ಅಂಗಳಕ್ಕೇ ಬರತೊಡಗಿತು. ಅದಕ್ಕಿಂತ ಹೆಚ್ಚಿನ ಹೆದರಿಕೆ ನಮ್ಮ ಮಾಡಿನತ್ತ ವಾಲಿದ್ದ ಒಣ ಮಾವಿನ ಮರದ್ದು.

"ನೀವೇ ಕಡಿಸಿಬಿಡಿ" ಎಂದವರು ಹಲವರು. ನಮ್ಮ ಕಡೆಗೆ ಚಾಚಿದ ಗೆಲ್ಲು ಸವರಬಹುದು. ಬುಡ ಅವರ ಜಾಗದಲ್ಲಿರುವ ಮರಕ್ಕೆ ಕತ್ತಿ ಹಾಕುವಂತಿಲ್ಲ. ಅದನ್ನು ನೋಡಿಕೊಳ್ಳಬೇಕಾದವರು ಜಾಗದವರೇ. ಹಾಗಾಗಿ ಪಂಚಾಯತ್ ಕಾರ್ಯದರ್ಶಿಗೆ ಕನ್ನಡದಲ್ಲೇ ಅರ್ಜಿ ಕೊಟ್ಟೆ. ಸರ್ವೆ ನಂಬ್ರ, ಫೋಟೊ, ಮರದಿಂದ ಮನೆಗಿರುವ ದೂರ, ಎಲ್ಲವೂ ಅದರಲ್ಲಿತ್ತು. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ 238ನೇ ಸೆಕ್ಷನ್ ಪ್ರಕಾರ, ಬೀಳುವಂತಿರುವ ಮರ ತೆಗೆಸಲು ನೋಟಿಸು ಕೊಡುವ ಅಧಿಕಾರ ಪಂಚಾಯತಿಗಿದೆ. ಅಲ್ಲಿ ಆಗದಿದ್ದರೆ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಬಳಿ ಹೋಗಬಹುದು.

ಅರ್ಜಿಯ ಪ್ರತಿಯನ್ನು ಯಜಮಾನರಿಗೂ ವಾಟ್ಸಾಪ್ ಮಾಡಿದ್ದೆ. ನೋಟಿಸು ತಲುಪಿದ ಮೇಲೆ ಅವರದ್ದೇ ಫೋನ್: "ಅಣ್ಣಾ, ಆಳು ಇಟ್ಟು ಕಡಿಸಿ, ದುಡ್ಡು ನಾನು ಕಳಿಸ್ತೇನೆ." ಒಪ್ಪಿಗೆಯನ್ನು ಬರೆದೇ ಕಳಿಸಿ ಎಂದೆ, ಕಳಿಸಿದರು. ಬಾಯಿಮಾತಿನ ಮೇಲೆ ಮರ ಕಡಿಸಬಾರದು. ಮಳೆಗಾಲಕ್ಕೆ ಮೊದಲೇ ಮರ ಇಳಿಯಿತು. ಇನ್ನು ವರ್ಷವರ್ಷ ಕಾಡು ಸವರುವ ಖರ್ಚು ಅವರದ್ದು, ಆಳು ಹುಡುಕುವುದು ನನ್ನದು ಎಂದು ಮಾತಾಗಿದೆ.