ಪ್ರೊಟೀನ್ ಶೇಕ್‌ಗೂ ಒಂದು ಹದ ಇದೆ

ಮೊಮ್ಮಗ ಜಿಮ್ಮಿಗೆ ಸೇರಿದ ಹೊಸದರಲ್ಲಿ ಒಂದು ದೊಡ್ಡ ಡಬ್ಬ ಪ್ರೊಟೀನ್ ಪುಡಿ ತಂದ. ಮೊದಲ ದಿನ ಮೂಗು ಹಿಡಿದುಕೊಂಡು ಕುಡಿದ. ಎರಡನೇ ದಿನ ಅರ್ಧ ಲೋಟ ಸಿಂಕಿಗೆ ಹೋಯಿತು. ನಾಲ್ಕನೇ ದಿನದಿಂದ ಡಬ್ಬ ಫ್ರಿಜ್ಜಿನ ಮೇಲೆ ಕೂತುಬಿಟ್ಟಿತು. "ಒಳ್ಳೇದು ಅಂತ ಗೊತ್ತು ಅಜ್ಜಿ, ಆದ್ರೆ ಗಂಟಲಲ್ಲಿ ಇಳಿಯಲ್ಲ" ಅಂದ.

ಅದೇ ಹೊತ್ತಿಗೆ ನಮ್ಮ ಯಜಮಾನರಿಗೆ ಆಪರೇಷನ್ ಆಗಿ ಮೈ ಇಳಿದುಹೋಗಿತ್ತು. ಊಟ ಸೇರುತ್ತಿರಲಿಲ್ಲ. ಎರಡು ತುತ್ತು ತಿಂದು ಸಾಕು ಅನ್ನುತ್ತಿದ್ದರು. ಪ್ರೊಟೀನ್ ಇರುವ ಆಹಾರ ಜಾಸ್ತಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ಒಬ್ಬನಿಗೆ 22 ವರ್ಷ, ಇನ್ನೊಬ್ಬರಿಗೆ 76. ಇಬ್ಬರಿಗೂ ಬೇಕಾಗಿದ್ದು ಒಂದೇ, ಇಷ್ಟಪಟ್ಟು ಕುಡಿಯುವಂಥ ಒಂದು ಲೋಟ. ಆಗ ಶುರು ಮಾಡಿದ್ದು, ಈಗಲೂ ನಮ್ಮ ಬಸವನಗುಡಿ ಮನೆಯಲ್ಲಿ ದಿನಾ ಬೆಳಿಗ್ಗೆ ಮಿಕ್ಸಿ ತಿರುಗುತ್ತದೆ.

ಮಾಡುತ್ತಾ ಮಾಡುತ್ತಾ ನನಗೆ ಒಂದು ವಿಷಯ ಖಚಿತವಾಯಿತು. ಶೇಕ್ ಕೆಡುವುದು ಸಿಹಿ ಕಡಿಮೆಯಾಗಿ ಅಲ್ಲ. ಹಸಿ ವಾಸನೆಯಿಂದ. ಹಸಿ ವಾಸನೆ ಉಳಿದಿದ್ದರೆ ಅದರ ಮೇಲೆ ಎಷ್ಟು ಸಕ್ಕರೆ ಸುರಿದರೂ ನಾಲಿಗೆ ಒಪ್ಪುವುದಿಲ್ಲ. ಹುಳಿಪುಡಿಗೆ ಕೊತ್ತಂಬರಿ ಬೀಜ ಸರಿಯಾಗಿ ಹುರಿಯದಿದ್ದರೆ ಇಡೀ ಸಾರು ಹೇಗೆ ಕೆಡುತ್ತದೆ ಹೇಳಿ, ಇದೂ ಹಾಗೇ. ಹುರಿಯುವ ಕೆಲಸ ಸರಿಯಾಗಿ ಆದರೆ ಮುಕ್ಕಾಲು ರುಚಿ ಅಲ್ಲೇ ಬಂದಹಾಗೆ.

ನಮ್ಮ ಮನೆಯ ಪುಡಿಗೆ ಹುರಿಗಡಲೆ 200 ಗ್ರಾಂ, ಕಡಲೆಕಾಯಿ ಬೀಜ 100 ಗ್ರಾಂ, ಸಿಹಿಗುಂಬಳದ ಬೀಜ 50 ಗ್ರಾಂ, ಬಿಳಿ ಎಳ್ಳು 25 ಗ್ರಾಂ, ಐದಾರು ಏಲಕ್ಕಿ. ಇಷ್ಟೇ. ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಒಟ್ಟಿಗೆ ಹಾಕಿದರೆ ಎಳ್ಳು ಸೀದುಹೋಗುತ್ತದೆ, ಕಡಲೆಕಾಯಿ ಹಸಿಯಾಗಿಯೇ ಉಳಿಯುತ್ತದೆ. ದಪ್ಪ ತಳದ ಬಾಣಲೆ, ಸಣ್ಣ ಉರಿ. ಕಡಲೆಕಾಯಿಗೆ ಹತ್ತು ಹನ್ನೆರಡು ನಿಮಿಷವಾದರೂ ಬೇಕು. ಸಿಪ್ಪೆ ಬಿರಿದು, ಒಂದು ಬೀಜ ಆರಿಸಿ ಬಾಯಿಗೆ ಹಾಕಿಕೊಂಡರೆ ಕಟಕ್ ಅನ್ನಬೇಕು. ಮೆತ್ತಗಿದ್ದರೆ ಇನ್ನೂ ಆಗಿಲ್ಲ ಎಂದರ್ಥ. ಕುಂಬಳದ ಬೀಜ ಉಬ್ಬಿ ಪಟಪಟ ಅನ್ನುತ್ತದೆ. ಎಳ್ಳು ಚಿಟಿಚಿಟಿ ಅಂದಕೂಡಲೇ ಕೆಳಗಿಳಿಸಿ. ಹುರಿಗಡಲೆ ಮೊದಲೇ ಹುರಿದದ್ದು, ಅದನ್ನು ಬೆಚ್ಚಗೆ ಮಾಡಿದರೆ ಸಾಕು.

ಕಡಲೆಕಾಯಿ ಬೀಜದ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ನಾನು ಕನ್ನಡಕ ಹಾಕಿಕೊಂಡು ಒಂದೊಂದಾಗಿ ಆರಿಸುತ್ತೇನೆ. ಮುರುಟಿದ್ದು, ಕಪ್ಪಾಗಿದ್ದು, ಬೂಷ್ಟು ಹಿಡಿದದ್ದು ಒಂದೂ ಒಳಗೆ ಹೋಗಬಾರದು. ಒಂದು ಕಹಿ ಬೀಜ ಸಾಕು, ಡಬ್ಬ ಪೂರ್ತಿ ಕಹಿ. ಅದಕ್ಕಿಂತ ಮುಖ್ಯವಾಗಿ, ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಅದು ಲಿವರಿಗೆ ಕೆಟ್ಟದ್ದು, ಹುರಿದರೆ ಪೂರ್ತಿ ಹೋಗುವುದಿಲ್ಲ. ಅಂಥ ಬೀಜವನ್ನು ಯೋಚನೆ ಮಾಡದೆ ಎಸೆಯಿರಿ. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಹತ್ತಿರ ಕಡಲೆಕಾಯಿ ಪರಿಷೆ ನಡೆಯುತ್ತದಲ್ವಾ, ಆಗ ಸಿಪ್ಪೆ ಸಮೇತ ತಂದು ಬಿಸಿಲಿಗೆ ಹಾಕಿ ಇಟ್ಟುಕೊಳ್ಳುತ್ತೇನೆ. ಬೇಕಾದಾಗ ಬಿಡಿಸಿಕೊಂಡರೆ ಬೀಜ ತಾಜಾ ಇರುತ್ತದೆ.

ಹುರಿದದ್ದು ಪೂರ್ತಿ ಆರಬೇಕು. ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಆವಿ ಕಟ್ಟಿ ಪುಡಿ ಮುದ್ದೆಯಾಗುತ್ತದೆ. ಕಡಲೆಕಾಯಿಯನ್ನು ಒಂದನ್ನೇ ಅರೆಯಬೇಡಿ, ಎಣ್ಣೆ ಬಿಟ್ಟು ಅಂಟಾಗುತ್ತದೆ. ಹುರಿಗಡಲೆ ಜೊತೆ ಸೇರಿಸಿ, ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಹುರಿಗಡಲೆ ಆ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಆಮೇಲೆ ಜರಡಿ ಹಿಡಿಯಿರಿ. ಕುಡಿಯುವಾಗ ನಾಲಿಗೆಗೆ ತರಿ ಸಿಕ್ಕಿದರೆ ಮಕ್ಕಳು ಲೋಟ ಪಕ್ಕಕ್ಕಿಡುತ್ತಾರೆ. ಪುಡಿಯನ್ನು ಗಾಳಿಯಾಡದ ಡಬ್ಬದಲ್ಲಿ ಫ್ರಿಜ್ಜಿನಲ್ಲಿ ಇಡಿ. ಎರಡು ವಾರಕ್ಕೆ ಆಗುವಷ್ಟು ಮಾತ್ರ ಮಾಡಿ. ಎಣ್ಣೆಕಾಳಿನ ಪುಡಿ ಹಳತಾದರೆ ಕಮಟು ಬರುತ್ತದೆ. ಕಮಟಿಗೆ ಯಾವ ಉಪಾಯವೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ ತೂಕದ ಒಂದು ಕಿಲೋಗೆ 0.83 ಗ್ರಾಂ ಪ್ರೊಟೀನ್ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. 60 ಕಿಲೋ ಇದ್ದವರಿಗೆ ಸುಮಾರು 50 ಗ್ರಾಂ ಆಯಿತು. ನಮ್ಮ ಪುಡಿಯನ್ನು 30 ಗ್ರಾಂ, ಅಂದರೆ ಮೂರು ದೊಡ್ಡ ಚಮಚ ಹಾಕಿದರೆ ಆರೂವರೆ ಗ್ರಾಂ ಹತ್ತಿರ ಸಿಗುತ್ತದೆ. 200 ಎಂಎಲ್ ಹಾಲಿನಲ್ಲಿ ಇನ್ನೊಂದು ಆರೂವರೆ. ಒಂದು ಲೋಟಕ್ಕೆ 13 ಗ್ರಾಂ. ಉಳಿದದ್ದು ಹುಳಿ, ಪಲ್ಯ, ಮೊಸರು, ಕಾಳಿನಲ್ಲಿ ಬರಬೇಕು, ಬರುತ್ತದೆ. ಯಜಮಾನರಿಗೆ ಇಷ್ಟು ಸಾಕಾಯಿತು. ಜಿಮ್ಮಿನ ಹುಡುಗನಿಗೆ ಮಾತ್ರ ಇನ್ನೂ ಬೇಕಿತ್ತು. ಅವನ ಲೋಟಕ್ಕೆ ಕೆನೆ ತೆಗೆದ ಹಾಲಿನ ಪುಡಿ ಎರಡು ದೊಡ್ಡ ಚಮಚ ಸೇರಿಸಿದೆ. 20 ಗ್ರಾಂ ಹಾಲಿನ ಪುಡಿಯಲ್ಲಿ 7 ಗ್ರಾಂ ಪ್ರೊಟೀನ್ ಇರುತ್ತದೆ. ಅಲ್ಲಿಗೆ ಒಂದು ಲೋಟಕ್ಕೆ 20 ಗ್ರಾಂ ಆಯಿತು. ಶೇಕ್ ಗಟ್ಟಿಯಾಗಿ, ಐಸ್‌ಕ್ರೀಮ್ ಥರ ಬಂತು ಅಂತ ಅವನೇ ಹೇಳಿದ. ಹಾಲಿನ ಪುಡಿ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಅದರ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ.

ಕಡಲೆಕಾಯಿ, ಹಾಲು ಎರಡನ್ನೂ ಸೇರಿಸುವುದು ನಮ್ಮ ಕಡೆ ಹೊಸದೂ ಅಲ್ಲ. ಕಡಲೆಕಾಯಿಯ ಪ್ರೊಟೀನನ್ನು ಹಾಲಿಗೆ ಸೇರಿಸಿ ಮಿಲ್ಟೋನ್ ಎಂಬ ಪೇಯವನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಎಷ್ಟೋ ವರ್ಷದ ಹಿಂದೆಯೇ ಮಾಡಿದ್ದರು.

ಸಿಹಿಗೆ ನಾನು ಸಕ್ಕರೆ ಮುಟ್ಟುವುದಿಲ್ಲ. ಚೆನ್ನಾಗಿ ಹಣ್ಣಾದ ಏಲಕ್ಕಿ ಬಾಳೆ ಎರಡು ಹಾಕಿದರೆ ಸಾಕು. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದು, ಯಾರೂ ತಿನ್ನದೆ ಬುಟ್ಟಿಯಲ್ಲಿ ಉಳಿದಿರುತ್ತದಲ್ಲ, ಆ ಹಣ್ಣೇ ಇದಕ್ಕೆ ಸರಿ. ಸಪೋಟ ಕಾಲದಲ್ಲಿ ಸಪೋಟ. ಬೆಣ್ಣೆಹಣ್ಣು ಸಿಕ್ಕಿದರೆ ಅರ್ಧ, ಜೊತೆಗೆ ಎರಡು ಖರ್ಜೂರ. ಮಾವಿನ ಕಾಲದಲ್ಲಿ ಹಾಪ್‌ಕಾಮ್ಸ್ ಹಣ್ಣಿನಂಗಡಿಯಿಂದ ರಸಪುರಿ ತಂದರೆ ಮನೆಯಲ್ಲಿ ಜಗಳವೇ ನಡೆಯುತ್ತದೆ. ಬೆಲ್ಲ ಹಾಕುವುದಾದರೆ ಹಾಲು ಬಿಸಿ ಇರಬಾರದು, ಒಡೆಯುತ್ತದೆ. ಇನ್ನೊಂದು ವಿಷಯ. ತಣ್ಣಗಿದ್ದಷ್ಟೂ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಐಸ್ ಹಾಕಿ ಮಾಡಿದಾಗ ಸಿಹಿ ಸಾಲದು ಅಂತ ಮತ್ತೆ ಮತ್ತೆ ಸುರಿಯುತ್ತೇವೆ. ಐಸ್ ಇಲ್ಲದೆ ಮಾಡಿ ನೋಡಿ, ಅರ್ಧ ಸಿಹಿಗೇ ಸಾಕಾಗುತ್ತದೆ.

ಕೊನೆಯಲ್ಲಿ ಒಂದು ಚಿಟಿಕೆ ಉಪ್ಪು. ಪಾಯಸಕ್ಕೆ ಚಿಟಿಕೆ ಉಪ್ಪು ಹಾಕುತ್ತಾರಲ್ಲ, ಅದೇ ಲೆಕ್ಕ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಸಿಹಿಯನ್ನು ಎತ್ತಿ ಕೊಡುತ್ತದೆ.

ಅನಾನಸ್ ಮಾತ್ರ ಹಸಿಯಾಗಿ ಹಾಕಬೇಡಿ. ಒಮ್ಮೆ ಯಜಮಾನರು ಲಾಲ್‌ಬಾಗಿಗೆ ವಾಕಿಂಗ್ ಹೋಗಿದ್ದರು. ಬರುವಷ್ಟರಲ್ಲಿ ಇರಲಿ ಅಂತ ಅನಾನಸ್, ಹಾಲು ಸೇರಿಸಿ ಶೇಕ್ ಮಾಡಿಟ್ಟೆ. ಬಂದು ಒಂದು ಗುಟುಕು ಕುಡಿದು, "ಏನೇ ಇದು, ಬೇವಿನ ಕಷಾಯಾನಾ?" ಅಂದರು. ಹಾಲು ಕೆಟ್ಟಿರಲಿಲ್ಲ. ಹಸಿ ಅನಾನಸ್‌ನಲ್ಲಿರುವ ಬ್ರೋಮೆಲಿನ್ ಎಂಬ ಕಿಣ್ವ ಹಾಲಿನ ಪ್ರೊಟೀನನ್ನು ಮುರಿಯುತ್ತದೆ, ಮುರಿದ ಚೂರುಗಳು ಕಹಿ. ಪಪ್ಪಾಯದಲ್ಲೂ ಇಂಥದ್ದೇ ಒಂದು ಗುಣ ಇದೆ. ಪಪ್ಪಾಯ ಹಾಕಿದರೆ ಆ ಕ್ಷಣವೇ ಕುಡಿದುಬಿಡಬೇಕು. ಅನಾನಸ್ ಬೇಕೇ ಬೇಕು ಅಂದರೆ ಗೊಜ್ಜಿಗೆ ಬೇಯಿಸುವ ಹಾಗೆ ಬೇಯಿಸಿ, ಆರಿಸಿ ಹಾಕಿ. ಬೆಂದ ಮೇಲೆ ಆ ಗುಣ ಹೋಗುತ್ತದೆ.

ಹಸಿ ಅಂದಾಗ ಸೋಯಾ, ಮೊಟ್ಟೆ ಎರಡೂ ನೆನಪಾಗುತ್ತವೆ. ಸೋಯಾ ಕಾಳಿನಲ್ಲಿ ಪ್ರೊಟೀನ್ ನಾವು ಬಳಸುವ ಬೇರೆ ಕಾಳುಗಳಿಗಿಂತ ಜಾಸ್ತಿ, 100 ಗ್ರಾಂಗೆ 36 ಗ್ರಾಂ ಹತ್ತಿರ. ಆದರೆ ನೆನೆಸಿ ತಣ್ಣೀರಿನಲ್ಲೇ ರುಬ್ಬಿದರೆ ಒಂಥರಾ ಹಸಿಕಾಳಿನ ವಾಸನೆ ಬಂದು ಕುಡಿಯುವುದಕ್ಕೇ ಆಗುವುದಿಲ್ಲ. ನೆನೆಸಿದ ಕಾಳನ್ನು ನೇರವಾಗಿ ಕುದಿಯುವ ನೀರಿಗೆ ಹಾಕಿ. ಚೆನ್ನಾಗಿ ಬೇಯಿಸಿ, ಆಮೇಲೆ ರುಬ್ಬಿ. ವಾಸನೆ ಹುಟ್ಟುವುದಕ್ಕೆ ಮೊದಲೇ ನಿಂತುಹೋಗುತ್ತದೆ. ಹಸಿ ಸೋಯಾದಲ್ಲಿ ಪ್ರೊಟೀನ್ ಜೀರ್ಣವಾಗದಂತೆ ತಡೆಯುವ ಅಂಶವೂ ಇದೆ, ಬೇಯಿಸಿದರೆ ಅದೂ ತಗ್ಗುತ್ತದೆ. ಇನ್ನು ಹಸಿ ಮೊಟ್ಟೆ ಒಡೆದು ಹಾಲಿಗೆ ಹಾಕಿ ಕುಡಿಯುವ ಅಭ್ಯಾಸ ಹುಡುಗರಲ್ಲಿ ಇನ್ನೂ ಇದೆ. ಬೇಡ ಕಣ್ರಪ್ಪಾ. ಬೆಂದ ಮೊಟ್ಟೆಯ ಪ್ರೊಟೀನ್ ಹಸಿ ಮೊಟ್ಟೆಯದಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಎಂಬ ರೋಗಾಣು ತಗುಲಿ ವಾಂತಿ ಭೇದಿ ಆಗುವ ಭಯ ಬೇರೆ. ನಾವು ಮನೆಯಲ್ಲಿ ಮೊಟ್ಟೆ ಮಾಡುವುದಿಲ್ಲ, ಆದರೂ ಕೇಳಿದವರಿಗೆಲ್ಲ ಇದನ್ನು ತಪ್ಪದೆ ಹೇಳುತ್ತೇನೆ.

ಅಂಗಡಿಯ ಪುಡಿ ಆಗಲೇ ತಂದಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಮೊಮ್ಮಗನ ಡಬ್ಬವನ್ನು ನಾನು ಕಾಫಿ ಡಿಕಾಕ್ಷನ್ನಿನಿಂದ ಖಾಲಿ ಮಾಡಿಸಿದೆ. ಬೆಳಗಿನ ಫಿಲ್ಟರಿನಲ್ಲಿ ಉಳಿದ ಗಟ್ಟಿ ಡಿಕಾಕ್ಷನ್ ಎರಡು ಚಮಚ, ಒಂದು ಬಾಳೆಹಣ್ಣು, ಚಿಟಿಕೆ ಉಪ್ಪು. ಆ ಪುಡಿಗಳಲ್ಲಿರುವ ಕೃತಕ ಸಿಹಿ ಕುಡಿದ ಮೇಲೂ ನಾಲಿಗೆಯಲ್ಲಿ ಉಳಿಯುತ್ತದೆ, ಕಾಫಿಯ ಒಗರು ಅದನ್ನು ಮುಚ್ಚುತ್ತದೆ. ಮೊದಲು ಹಾಲು ಹಾಕಿ, ಆಮೇಲೆ ಪುಡಿ. ಪುಡಿ ಮೊದಲು ಹಾಕಿದರೆ ತಳದಲ್ಲಿ ಗಂಟು ಕಟ್ಟುತ್ತದೆ. ಕುದಿಯುವ ಹಾಲಿಗೆ ಹಾಕಲೇಬೇಡಿ, ವೇ ಪುಡಿ, ಅಂದರೆ ಹಾಲು ಒಡೆದಾಗ ಉಳಿಯುವ ನೀರಿನಿಂದ ಮಾಡಿದ ಪ್ರೊಟೀನ್ ಪುಡಿ, ಬಿಸಿಗೆ ಗಂಟುಗಂಟಾಗುತ್ತದೆ. ಅಲ್ಲಾಡಿಸಿದ ಮೇಲೆ ಐದು ನಿಮಿಷ ಬಿಡಿ, ನೊರೆ ಇಳಿಯಲಿ. ಕೊಳ್ಳುವಾಗ ಮಾತ್ರ ಹಿಂದಿನ ಚೀಟಿ ಓದಿ. ಸಾಮಗ್ರಿಗಳ ಪಟ್ಟಿಯಲ್ಲಿ ಸಕ್ಕರೆ ಮೊದಲಿಗೇ ಇದ್ದರೆ ನೀವು ದುಡ್ಡು ಕೊಡುತ್ತಿರುವುದು ಸಕ್ಕರೆಗೆ. ಹೆಚ್ಚು ಇರುವ ಸಾಮಗ್ರಿಯನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮ.

ಸಿಹಿ ಬೇಡದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ನನ್ನ ಮೆಚ್ಚಿನದು ಮಜ್ಜಿಗೆಯದು. ಒಂದು ಬಟ್ಟಲು ಗಟ್ಟಿ ಮೊಸರು, ಮೂರು ಚಮಚ ಅದೇ ಪುಡಿ. ಆದರೆ ಏಲಕ್ಕಿ ಹಾಕುವ ಮೊದಲೇ ಸ್ವಲ್ಪ ಪುಡಿ ಬೇರೆ ತೆಗೆದಿಟ್ಟಿರಬೇಕು. ಒಂದು ಚೂರು ಶುಂಠಿ, ನಾಲ್ಕು ಕರಿಬೇವು, ಹುರಿದ ಜೀರಿಗೆ, ಉಪ್ಪು, ಸ್ವಲ್ಪ ನೀರು. ಎಲ್ಲ ಸೇರಿಸಿ ಮಿಕ್ಸಿಯಲ್ಲಿ ಒಂದು ಸುತ್ತು. ಚಟ್ನಿ ಮಜ್ಜಿಗೆ ಅಂತ ಯಜಮಾನರು ಹೆಸರಿಟ್ಟಿದ್ದಾರೆ. ಏಪ್ರಿಲ್ ಬಿಸಿಲಿಗೆ ಅವರು ಬೇರೆ ಏನೂ ಕೇಳುವುದಿಲ್ಲ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವವರಿಗೂ ಮೊಸರಿನದು ಸಾಮಾನ್ಯವಾಗಿ ಒಗ್ಗುತ್ತದೆ.

ಇನ್ನೊಂದು, ಹೆಸರುಬೇಳೆಯದು. ಘಮ್ ಅನ್ನುವವರೆಗೆ ಹುರಿದು, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಆರಿದ ಮೇಲೆ ತೆಂಗಿನಕಾಯಿ ಹಾಲು, ಬೆಲ್ಲ, ಏಲಕ್ಕಿ ಹಾಕಿ ತೆಳ್ಳಗೆ ತಿರುವಿ. ಪಾಯಸವನ್ನೇ ಲೋಟಕ್ಕೆ ಹುಯ್ದ ಹಾಗಿರುತ್ತದೆ. ರಾಗಿ ಮೊಳಕೆ ಹಿಟ್ಟಿನ ಗಂಜಿ ಕಾಯಿಸಿ ಆರಿಸಿ ಇದರ ಜೊತೆ ಸೇರಿಸಬಹುದು. ರಾಗಿಯಲ್ಲಿ ಪ್ರೊಟೀನ್ ಕಡಿಮೆ, 7 ಗ್ರಾಂ ಅಷ್ಟೇ, ಆದರೆ ಸುಣ್ಣದ ಅಂಶ 100 ಗ್ರಾಂಗೆ 350 ಮಿಲಿಗ್ರಾಂ ಹತ್ತಿರ ಇದೆ. ಧಾನ್ಯದ ಪ್ರೊಟೀನಿನಲ್ಲಿ ಕಡಿಮೆ ಇರುವ ಅಂಶ ಬೇಳೆಯಲ್ಲಿದೆ, ಬೇಳೆಯಲ್ಲಿ ಕೊರತೆ ಇರುವುದು ಧಾನ್ಯದಲ್ಲಿದೆ. ಎರಡೂ ಸೇರಿದರೆ ಪ್ರೊಟೀನ್ ಪೂರ್ತಿಯಾಗುತ್ತದೆ. ಮುದ್ದೆ ಬಸ್ಸಾರಿನಲ್ಲಿ ಆಗುವುದೂ ಇದೇ ಅಲ್ವಾ?

ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಯಾವ ಶೇಕೂ ಶುರು ಮಾಡಬಾರದು, ಮನೆಯದ್ದೂ ಅಷ್ಟೇ. ಅವರಿಗೆ ಪ್ರೊಟೀನನ್ನು ಅಳೆದು ಕೊಡಬೇಕಾಗುತ್ತದೆ. ಕಡಲೆಕಾಯಿ ಆಗದವರು ಪುಡಿಯಲ್ಲಿ ಅದನ್ನು ಬಿಟ್ಟು ಹುರಿಗಡಲೆ, ಕುಂಬಳದ ಬೀಜವನ್ನೇ ಜಾಸ್ತಿ ಮಾಡಿಕೊಳ್ಳಿ.

ಕುಡಿದಾದ ಮೇಲೆ ಲೋಟ, ಮಿಕ್ಸಿ ಜಾರನ್ನು ಸಿಂಕಿನಲ್ಲಿ ಬಿಟ್ಟು ಹೋಗಬೇಡಿ. ಶೇಕರ್ ಬಾಟಲಿಯಂತೂ ಮಧ್ಯಾಹ್ನದವರೆಗೆ ಮುಚ್ಚಿಟ್ಟರೆ ನಾರುತ್ತದೆ. ಆ ನಾತ ಪ್ಲಾಸ್ಟಿಕ್ಕಿಗೆ ಹಿಡಿದುಬಿಟ್ಟರೆ ನಾಳೆ ಎಷ್ಟು ಚೆನ್ನಾಗಿ ಮಾಡಿದರೂ ಮೂಗಿಗೆ ಮೊದಲು ಬಡಿಯುವುದು ಅದೇ. ಕುಡಿದ ಕೂಡಲೇ ತಣ್ಣೀರಿನಲ್ಲಿ ಒಮ್ಮೆ ಅಲ್ಲಾಡಿಸಿ ಚೆಲ್ಲಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಮುಚ್ಚಳದ ರಬ್ಬರನ್ನೂ ಬಿಚ್ಚಿ ಉಜ್ಜಿ. ಆಗಲೇ ವಾಸನೆ ಹಿಡಿದಿದ್ದರೆ ಹಿಂಡಿದ ನಿಂಬೆಹಣ್ಣಿನ ಸಿಪ್ಪೆ, ಒಂದು ಚಮಚ ಅಡುಗೆ ಸೋಡಾ, ಬೆಚ್ಚಗಿನ ನೀರು ಹಾಕಿ ರಾತ್ರಿ ಇಟ್ಟು, ಬೆಳಿಗ್ಗೆ ತೊಳೆದು, ಮುಚ್ಚಳ ತೆಗೆದು ಬಿಸಿಲಿಗೆ ಕವುಚಿ ಹಾಕಿ.