ರೆಕ್ಕೆ ಮೇಲಿತ್ತಾ, ಕೆಳಗಿತ್ತಾ?

ನನ್ನ ಹೆಂಡತಿಯ ಚಿಕ್ಕಮ್ಮ ಮದುವೆಯಾದ ಹೊಸದರಲ್ಲಿ ಮುಂಬೈಯಿಂದ ಮಂಗಳೂರಿನ ಬಜ್ಪೆಗೆ ವಿಮಾನದಲ್ಲಿ ಬಂದವರು. ಕೊಂಕಣ ರೈಲು ಇಲ್ಲದ ಕಾಲ. ಯಾವ ವಿಮಾನ ಅಂತ ಕೇಳಿದರೆ ಯೋಚನೆಯೇ ಇಲ್ಲದೆ "ಆವ್ರೋ" ಅಂದರು. ಯಾವ ವರ್ಷ? "ಅರವತ್ತೈದು." ಇಲ್ಲೇ ಸಿಕ್ಕು. ಇಂಡಿಯನ್ ಏರ್‌ಲೈನ್ಸಿಗೆ ಆವ್ರೋ ಬಂದಿದ್ದೇ 1967ರಲ್ಲಿ. ವರ್ಷ ತಪ್ಪಾ, ವಿಮಾನ ತಪ್ಪಾ?

ನಮ್ಮದು ಐದಾರು ಜನರ ಗುಂಪು. ಹಳೇ ವಿಮಾನಗಳ ಟೈಮ್‌ಟೇಬಲ್, ಬ್ಯಾಗೇಜ್ ಟ್ಯಾಗ್, ಟಿಕೆಟ್ ಕವರ್ ಕೂಡಿಡುವ, ಯಾರು ಯಾವ ವಿಮಾನದಲ್ಲಿ ಹಾರಿದ್ದರು ಅಂತ ಪತ್ತೆ ಹಚ್ಚುವ ಹುಚ್ಚು. ಅದರಲ್ಲೊಬ್ಬರು ನಿವೃತ್ತ ಇಂಜಿನಿಯರ್. ಅವರ ಪ್ರಕಾರ ಮುದುಕರ ನೆನಪಿಗೆ ಮೂರು ಕಾಸಿನ ಬೆಲೆ ಇಲ್ಲ. "ಬಾಲದ ಮೇಲಿನ ವಿಟಿ ಅಕ್ಷರ ತೋರಿಸು, ಆಮೇಲೆ ಮಾತಾಡು" ಅನ್ನುತ್ತಿದ್ದರು. ನಮ್ಮ ಪ್ರಯಾಣಿಕರ ವಿಮಾನಗಳ ನೋಂದಣಿ ಅಕ್ಷರ ಶುರುವಾಗೋದೇ ವಿಟಿಯಿಂದ. ಅವರ ಮಾತಲ್ಲೂ ಸತ್ಯ ಇದೆ. ಅಕ್ಷರ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ಮನೆ ಆಲ್ಬಮ್ಮಿನ ಫೋಟೋಗಳಲ್ಲಿ ಬಾಲ ಎಲ್ಲಿರುತ್ತೆ ಹೇಳಿ? ಹಾರ ಹಾಕಿಕೊಂಡ ಹದಿನೈದು ಜನ, ಹಿಂದೆ ಒಂದಿಷ್ಟು ಬೆಳ್ಳಿ ಬಣ್ಣದ ತಗಡು, ಅಷ್ಟೇ.

ನಾನೂ ಮೊದಲು ಕಾಗದದ ದಾರಿಯಲ್ಲೇ ಹೋದೆ. ಕೈ ಸುಟ್ಟುಕೊಂಡೆ. 1962ರ ಟೈಮ್‌ಟೇಬಲ್ ಅಂತ ಒಬ್ಬ ಆನ್‌ಲೈನಿನಲ್ಲಿ 4800 ರೂಪಾಯಿಗೆ ಕೊಟ್ಟ. ಬಂದಿದ್ದು ಕಲರ್ ಜೆರಾಕ್ಸ್. ಚಹಾದ ನೀರಲ್ಲಿ ಅದ್ದಿ ಒಣಗಿಸಿದ್ದ ಪುಣ್ಯಾತ್ಮ, ಮೂಸಿದರೆ ಏಲಕ್ಕಿ ವಾಸನೆ. ಮುಂಬೈಗೆ ಮೂರು ಸಲ ಹೋದೆ. ಎಲ್ಲ ಸೇರಿ 60–65 ಸಾವಿರ ಹೋಗಿರಬೇಕು. ಮನೆಯಲ್ಲಿ ಹೇಳಿದ ಲೆಕ್ಕ 20 ಸಾವಿರ.

ಆಮೇಲೆ ಬಂದ ಯೋಚನೆ ಇದು. ಹಳಬರಿಗೆ ವಿಮಾನದ ಹೆಸರು ನೆನಪಿರಲ್ಲ. ಇದ್ದರೂ ಆಮೇಲೆ ಯಾರೋ ಹೇಳಿದ ಹೆಸರು ಅಂಟಿಕೊಂಡಿರುತ್ತೆ. ನಮ್ಮ ಕಡೆ ಫ್ಯಾನ್ (ಅಂದರೆ ಪ್ರೊಪೆಲ್ಲರ್) ಇದ್ದ ವಿಮಾನ ಎಲ್ಲವೂ ಆವ್ರೋ. ಬಯಲುಸೀಮೆಯವರನ್ನು ಕೇಳಿದರೆ ಎಲ್ಲವೂ ಡಕೋಟ. ಲಟಾರಿ ಬಸ್ಸಿಗೂ ಡಕೋಟ ಅನ್ನುವವರು ನಾವು, ಅಲ್ವಾ? ಹಾಗಾಗಿ ಹೆಸರು ಕೇಳೋದನ್ನೇ ಬಿಟ್ಟೆ. ಮೈಗೆ ಏನಾಯಿತು, ಕಣ್ಣಿಗೆ ಏನು ಕಂಡಿತು, ಅದನ್ನಷ್ಟೇ ಕೇಳಲು ಶುರು ಮಾಡಿದೆ.

ಮೊದಲ ವರ್ಷ ಪೂರ್ತಿ ಹಾಳು. ತಪ್ಪು ಪ್ರಶ್ನೆ ಕೇಳುತ್ತಿದ್ದೆ. "ಕಿಟಕಿ ಮೊಟ್ಟೆ ಆಕಾರದಲ್ಲಿತ್ತಾ?" ಅಂತ ಕೇಳಿ, ಹೌದು ಅಂದವರನ್ನೆಲ್ಲ ವೈಕೌಂಟ್ ಅನ್ನುವ ವಿಮಾನದ ಖಾತೆಗೆ ಹಾಕಿದೆ. ಹತ್ತು ಹನ್ನೆರಡು ಜನ ಆದ ಮೇಲೆ ತಲೆಗೆ ಹೊಳೆಯಿತು, ಫಾಕರ್, ಆವ್ರೋ ವಿಮಾನಗಳ ಕಿಟಕಿಗಳೂ ಮೊಟ್ಟೆಯೇ. ಎಲ್ಲ ಹೊಡೆದುಹಾಕಿ ಮತ್ತೆ ಶುರು. "ಪೆಪ್ಪರ್‌ಮಿಂಟು, ಹತ್ತಿ ಕೊಟ್ಟರಾ?" ಅನ್ನೋದು ಇನ್ನೊಂದು ದಂಡದ ಪ್ರಶ್ನೆ. ಎಲ್ಲರಿಗೂ ಕೊಟ್ಟಿದ್ದಾರೆ.

ಶಬ್ದದ ಪ್ರಯೋಗವೂ ಮಾಡಿದೆ. 4000 ಕೊಟ್ಟು ಒಳ್ಳೇ ಸ್ಪೀಕರ್ ತಂದು, ಡಾರ್ಟ್ ಎಂಜಿನ್ನಿನ ಕೀರಲು ಧ್ವನಿಯ ರೆಕಾರ್ಡಿಂಗ್ ಹಾಕಿ ದೊಡ್ಡಪ್ಪನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಮಿಕ್ಸಿಯಲ್ಲಿ ಚಟ್ನಿ ರುಬ್ಬುವುದಾ?" ಅಂದರು. ಅವರು ಗುರುತು ಹಿಡಿದಿದ್ದರೂ ಉಪಯೋಗ ಇರಲಿಲ್ಲ ಬಿಡಿ. ವೈಕೌಂಟ್, ಫಾಕರ್, ಆವ್ರೋ ಮೂರಕ್ಕೂ ರೋಲ್ಸ್‌ರಾಯ್ಸ್ ಡಾರ್ಟ್ ಎಂಜಿನ್ನೇ. ಸ್ಪೀಕರ್ ಈಗ ಮಗಳ ರೂಮಿನಲ್ಲಿದೆ.

ಕೊನೆಗೆ ಉಳಿದವು ಏಳು ಪ್ರಶ್ನೆ. ಆರನ್ನು ಹೇಳುತ್ತೇನೆ.

ಮೊದಲನೆಯದು, ಕೂತಾಗ ರೆಕ್ಕೆ ತಲೆ ಮೇಲಿತ್ತಾ, ಕೆಳಗಿತ್ತಾ? ಮೇಲಿದ್ದರೆ ಫಾಕರ್ ಕಡೆ, ಅಂದರೆ 1961ರ ನಂತರ. ಕೆಳಗಿದ್ದರೆ ಆವ್ರೋ, ವೈಕೌಂಟ್, ಡಕೋಟ ಮೂರೂ ಸಾಧ್ಯ. ರೆಕ್ಕೆ ಮೇಲಿತ್ತು ಅಂದವರಿಗೆ ಮಾತ್ರ ಎರಡನೆಯದು: ಇಳಿಯುವಾಗ ಕಿಟಕಿಯಿಂದ ಚಕ್ರ ಕಂಡಿತಾ? ಫಾಕರ್‌ನಲ್ಲಿ ಎಂಜಿನ್ ಹೊಟ್ಟೆಯಿಂದ ಉದ್ದದ ಕಾಲು ಕಣ್ಣೆದುರೇ ಇಳಿಯುತ್ತೆ. ನೋಡಿದವರು ಮರೆಯಲ್ಲ. ಸಣ್ಣ ಊರುಗಳಿಗೆ ಹಾರುತ್ತಿದ್ದ ವಾಯುದೂತ ಕಂಪನಿಯ ಡಾರ್ನಿಯರ್, ಆಮೇಲೆ ಏರ್ ಡೆಕ್ಕನ್ನಿನ ಎಟಿಆರ್, ಇವಕ್ಕೂ ರೆಕ್ಕೆ ಮೇಲೆಯೇ. ಆದರೆ ಚಕ್ರ ಹೊಟ್ಟೆಯ ಕೆಳಗೆ. ಈ ಒಂದು ಪ್ರಶ್ನೆಯಿಂದ ಎಷ್ಟೋ ಜನರ ಗೊಂದಲ ಬಗೆಹರಿದಿದೆ. ವಾಯುದೂತವೂ ಕೆಲವು ಕಾಲ ಫಾಕರ್ ಓಡಿಸಿದೆ ಅನ್ನೋದು ಬೇರೆ ತಲೆನೋವು.

ನಿಮ್ಮ ಬದಿಗೆ ಫ್ಯಾನ್ ಒಂದಾ, ಎರಡಾ? ಎರಡು ಅಂದರೆ ಹೆಚ್ಚಾಗಿ ವೈಕೌಂಟ್, 1957ರಿಂದ ಈಚೆ. ಫ್ಯಾನೇ ಇರಲಿಲ್ಲ ಅಂದರೆ ಕಿಟಕಿ ಮುಕ್ಕೋನ ಇತ್ತಾ, ಹತ್ತಿದ್ದು ಬಾಲದ ಕೆಳಗಿನ ಮೆಟ್ಟಿಲಿಂದಲಾ? ಒಬ್ಬರು "ಕಿಟಕಿ ಸಮೋಸದ ಹಾಗಿತ್ತು" ಅಂದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕ್ಯಾರವೆಲ್ ಜೆಟ್! 1964ರಿಂದ 70ರ ದಶಕ ಮುಗಿಯುವವರೆಗೆ, ಬೇರೆ ಮಾತೇ ಇಲ್ಲ.

ಆರನೆಯದು ನನ್ನ ಮುದ್ದಿನ ಪ್ರಶ್ನೆ. ಒಳಗೆ ನಡೆಯುವಾಗ ನೆಲ ಏರು ಇತ್ತಾ? ಡಕೋಟ ನೆಲದ ಮೇಲೆ ಬಾಲ ಊರಿ ಕೂರುತ್ತೆ. ಹಿಂದಿನ ಬಾಗಿಲಿಂದ ಹತ್ತಿ ಮುಂದಿನ ಸೀಟಿಗೆ ಹೋಗಬೇಕಾದರೆ ಏರು ಹತ್ತಬೇಕು.

ಏಳನೆಯದು ನಡುದಾರಿಯ ಪಕ್ಕ ಕೂತು ಹೊರಗೆ ಏನೂ ನೋಡದವರಿಗೆ. ಅವರಿಂದಲೂ ಫಾಕರ್, ಆವ್ರೋ ಬೇರೆ ಮಾಡಬಹುದು. ಅದಕ್ಕೆ ಎರಡು ವರ್ಷ ಒದ್ದಾಡಿದ್ದೇನೆ, ಸುಮ್ನೆ ಇಲ್ಲಿ ಹಾಕಲ್ಲ. ಊಟದ ತಟ್ಟೆಗೂ ಅದಕ್ಕೂ ಸಂಬಂಧ ಇಲ್ಲ, ಅಷ್ಟು ಹೇಳಬಲ್ಲೆ.

ಇನ್ನು ಚಿಕ್ಕಮ್ಮನ ವಿಷಯ. ಇಂಜಿನಿಯರ್ ಸಾಹೇಬರ ಜೊತೆ 500 ರೂಪಾಯಿ ಪಂದ್ಯ ಕಟ್ಟಿ, ಅವರನ್ನೂ ಕರೆದುಕೊಂಡೇ ಹೋದೆ. ರೆಕ್ಕೆ? ಕೆಳಗೆ. ಫ್ಯಾನ್? ಒಂದು. "ಚಿಕ್ಕಮ್ಮಾ, ಒಳಗೆ ನಡೀವಾಗ ನೆಲ ಸಪಾಟು ಇತ್ತಾ?"

ಅವರು ನಗಲು ಶುರು ಮಾಡಿದರು. "ಸಪಾಟು ಎಂಥದ್ದು ಮಾರಾಯ, ಗುಡ್ಡೆ ಹತ್ತಿದ ಹಾಗೆ! ವಾಂತಿ ಬರಬಾರದು ಅಂತ ಅಮ್ಮ ಒಂದು ಲಿಂಬೆಹಣ್ಣು ಕೊಟ್ಟಿದ್ರು. ಕೈಯಿಂದ ಜಾರಿ ಬಿತ್ತು ನೋಡು, ಉರುಳಿ ಉರುಳಿ ಬಾಗಿಲ ಹತ್ತಿರ ಹೋಯ್ತು. ವಿಮಾನ ಹಾರ್ಲಿಕ್ಕೆ ಶುರು ಮಾಡಿತು ಅಂತ ನಾನು ಇವರ ಕೈ ಹಿಡ್ಕೊಂಡೆ. ಅದು ನಿಂತೇ ಉಂಟು! ಇವರು ಈಗಲೂ ತಮಾಷೆ ಮಾಡ್ತಾರೆ."

ಡಕೋಟ. ನಾನು ಸಾಹೇಬರ ಮುಖ ನೋಡಿದೆ. ಅವರು ಒಪ್ಪಲಿಲ್ಲ, "ಕತೆ ಚೆನ್ನಾಗಿದೆ" ಅಂದರು.

ಎರಡು ತಿಂಗಳಾದ ಮೇಲೆ ಟ್ರಂಕಿನ ತಳದಲ್ಲಿ, ಧಾರೆ ಸೀರೆಯ ಮಡಿಕೆಯಲ್ಲಿ ಒಂದು ಫೋಟೋ ಸಿಕ್ಕಿತು. ಅಂಗೈಯಷ್ಟು ಅಗಲ, ಅಂಚು ಗರಗಸದ ಹಲ್ಲಿನ ಹಾಗೆ. ಚಿಕ್ಕಮ್ಮ, ಚಿಕ್ಕಪ್ಪ, ಎರಡು ಸೂಟ್‌ಕೇಸು. ಹಿಂದೆ ವಿಮಾನದ ಹಿಂಭಾಗ ಮಾತ್ರ. ವಿಟಿ ಅಕ್ಷರ ಚಿಕ್ಕಪ್ಪನ ತಲೆಯ ಹಿಂದೆ ಅಡಗಿದೆ. ಗಡಿಯಾರ ರಿಪೇರಿಯವರ ಕಣ್ಣಿನ ಮಸೂರ ಹಾಕಿ ನೋಡಿದೆ. ಸೂಟ್‌ಕೇಸಿನ ಹಿಂದೆ, ನೆಲಕ್ಕೆ ತಾಗಿ ಒಂದು ಪುಟ್ಟ ಚಕ್ರ. ಬಾಲದ ಚಕ್ರ! ಫೋಟೋದ ಬೆನ್ನಿಗೆ ಸ್ಟುಡಿಯೋ ಮೊಹರು, ಪಕ್ಕದಲ್ಲಿ ಶಾಯಿಯಲ್ಲಿ 1965. ವರ್ಷ ಸರಿ, ಹೆಸರು ಮಾತ್ರ ತಪ್ಪು. ಸಾಹೇಬರು ಐದು ನೂರರ ನೋಟು ಕೊಟ್ಟರು. ಖರ್ಚು ಮಾಡಿಲ್ಲ, ಫ್ರೇಮ್ ಹಾಕಿಸಿದ್ದೇನೆ.

ಬಜ್ಪೆಯಲ್ಲಿ ವಿಮಾನ ನಿಲ್ದಾಣ ಶುರುವಾದ 1951ರ ಡಿಸೆಂಬರ್ 25ರಂದು ನೆಹರೂ ಬಂದಿಳಿದದ್ದೂ ಡಕೋಟದಲ್ಲೇ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟ ಡಕೋಟಗಳನ್ನು ಪ್ರಯಾಣಿಕರ ವಿಮಾನವಾಗಿ ಬದಲಾಯಿಸಿದ ಕೆಲಸ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ಆಗಿದೆ. ಚಿಕ್ಕಮ್ಮನ ವಿಮಾನ ಅಲ್ಲಿ ಕೈಯಾಡಿಸಿದ್ದೋ ಏನೋ, ಅಕ್ಷರ ಕಂಡಿದ್ದರೆ ಹುಡುಕಬಹುದಿತ್ತು. ಚಿಕ್ಕಪ್ಪ ಸ್ವಲ್ಪ ಕುಳ್ಳಗಿದ್ದರೆ ಆಗುತ್ತಿತ್ತು.

ಇಲ್ಲಿವರೆಗೆ ಸುಮಾರು 40 ಜನರನ್ನು ಕೇಳಿದ್ದೇನೆ. ಮೂವತ್ತರ ಹತ್ತಿರ ವಿಮಾನ ಪಕ್ಕಾ ಆಯಿತು. ಅದರಲ್ಲಿ ಹದಿನೈದಕ್ಕಾದರೂ ಫೋಟೋ, ಟಿಕೆಟ್ ಸಾಕ್ಷಿ ಇದೆ. ಒಂದೇ ಒಂದು ಸಲ ಹಾರಿದವರು ಬಂಗಾರ. ಕಂಪನಿ ಕೆಲಸಕ್ಕೆ ನೂರು ಸಲ ಹಾರಿದ ಮ್ಯಾನೇಜರುಗಳಿಂದ ಏನೂ ಹುಟ್ಟಲ್ಲ, ಎಲ್ಲ ಕಲಸಿದ ಅನ್ನ.

ನಾನೂ ಎಡವಿದ್ದೇನೆ. ನಾನು ನಡೆಸಿಕೊಟ್ಟ ಒಂದು ಕ್ವಿಜ್‌ನಲ್ಲಿ 1971ರ ಜನವರಿಯಲ್ಲಿ ಅಪಹರಿಸಿ ಲಾಹೋರಿಗೆ ಒಯ್ದು ಸುಟ್ಟ "ಗಂಗಾ" ವಿಮಾನ ಡಕೋಟ ಅಂತ ಉತ್ತರ ಬರೆದುಕೊಂಡು ಹೋಗಿದ್ದೆ. ಮುಂದಿನ ಸಾಲಿನ ಕಾಲೇಜು ಹುಡುಗಿ ಎದ್ದು "ಫಾಕರ್, ಸಾರ್. ವಿಟಿ-ಡಿಎಂಎ" ಅಂದಳು. ಅವತ್ತಿನ ಮೂರು ಸಾವಿರ ಸಂಭಾವನೆ ಕೇಳಲು ಬಾಯಿ ಬರಲಿಲ್ಲ. ಆ ಹುಡುಗಿ ಈಗ ನಮ್ಮ ಗುಂಪಿನಲ್ಲಿದ್ದಾಳೆ.

ಈ ವಾರ ಅವಳು ತನ್ನ ಅಜ್ಜನನ್ನು ಕೇಳಿಕೊಂಡು ಬಂದಳು. ರೆಕ್ಕೆ ಮೇಲೆ, ಚಕ್ರ ಕಂಡಿದೆ, ಫಾಕರ್ ಪಕ್ಕಾ. ಆದರೆ ಅಜ್ಜನ ಪ್ರಕಾರ ವರ್ಷ 1959. ಆಗ ಇಂಡಿಯನ್ ಏರ್‌ಲೈನ್ಸ್ ಹತ್ತಿರ ಫಾಕರ್ ಇರಲೇ ಇಲ್ಲ. "ನಮ್ಮಜ್ಜ ತಪ್ಪು ಹೇಳಲ್ಲ ಸಾರ್" ಅಂತ ಕೂತಿದ್ದಾಳೆ. ಅವರ ಮನೆ ಅಟ್ಟದಲ್ಲಿ ಎರಡು ಟ್ರಂಕ್ ಇದೆಯಂತೆ. ಭಾನುವಾರ ಹೋಗುತ್ತಿದ್ದೇವೆ.