ರಕ್ತಪಿಶಾಚಿಯ ಕಾಮಿಕ್ಸ್ ಬರೆಯುವ ಮೊದಲು ಬಿಸಿಲಿನ ಲೆಕ್ಕ ಹಾಕಿ

ಭವಿಷ್ಯದ ಹಾಳು ನಗರ, ಅಲ್ಲಿ ರಕ್ತಪಿಶಾಚಿಗಳನ್ನು ಬೇಟೆಯಾಡುವ ಒಬ್ಬ ಎಳೆಯ ಹುಡುಗಿ. ಇಂಥ ಕಾಮಿಕ್ಸ್ ಸರಣಿ ಮಾಡಲು ಕುಳಿತವರ ಕೈ ಮೊದಲು ಹೋಗುವುದು ಉಡುಪಿನ ಕಡೆಗೆ, ಆಯುಧದ ಕಡೆಗೆ. ನನ್ನ ಕೈಯೂ ಅಲ್ಲಿಗೇ ಹೋಯಿತು. ನೆಲ ಗುಡಿಸುವಷ್ಟು ಉದ್ದದ ಕೋಟು, ಬೆನ್ನಿಗೆ ಎರಡು ಕತ್ತಿ, ಹುಬ್ಬಿನ ಮೇಲೊಂದು ಗಾಯದ ಗೆರೆ. ನಲವತ್ತು ಹಾಳೆ ತುಂಬಿದವು, ಕಥೆ ಮಾತ್ರ ಕದಲಲಿಲ್ಲ. ಅವಳು ಯಾರನ್ನು ಎಲ್ಲಿ ಬೇಕಾದರೂ ಕೊಲ್ಲಬಲ್ಲವಳಾಗಿದ್ದಳು. ಹಾಗಾಗಿ ಯಾವ ಪುಟದಲ್ಲೂ ಅವಳಿಗಾಗಿ ನನ್ನ ಎದೆ ಹೊಡೆದುಕೊಳ್ಳಲಿಲ್ಲ. ಕೊನೆಗೆ ಹಾಳೆಗಳನ್ನೆಲ್ಲ ಪಕ್ಕಕ್ಕಿಟ್ಟು ಒಂದು ಪ್ರಶ್ನೆ ಬರೆದುಕೊಂಡೆ: ಈ ಊರಿನಲ್ಲಿ ಬಿಸಿಲು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತು ಇರುತ್ತದೆ, ಅದು ಯಾರ ಪಾಲಿನದು? ಈಗ ನಾಲ್ಕನೆಯ ಸಂಚಿಕೆಗೆ ಶಾಯಿ ಹಾಕುತ್ತಿದ್ದೇನೆ. ನೀವೂ ಆ ಪ್ರಶ್ನೆಯಿಂದಲೇ ಆರಂಭಿಸಿ.

ಬಿಸಿಲು ತಾಗಿದರೆ ರಕ್ತಪಿಶಾಚಿ ಸಾಯುತ್ತದೆ ಎಂಬ ನಿಯಮ ನಾವು ಅಂದುಕೊಂಡಷ್ಟು ಹಳೆಯದಲ್ಲ. 1897ರಲ್ಲಿ ಬಂದ ಬ್ರಾಮ್ ಸ್ಟೋಕರನ 'ಡ್ರಾಕುಲಾ' ಕಾದಂಬರಿಯಲ್ಲಿ ಕೌಂಟ್ ಹಗಲಿನಲ್ಲೇ ಲಂಡನ್ನಿನ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಹಗಲು ಅವನ ಶಕ್ತಿಯನ್ನು ಕಟ್ಟಿಹಾಕುತ್ತದೆ, ಅವನನ್ನು ಸುಡುವುದಿಲ್ಲ. ಬೆಳಗಿನ ಬೆಳಕಿಗೆ ಪಿಶಾಚಿ ಇಲ್ಲವಾಗಿಹೋಗುವ ದೃಶ್ಯವನ್ನು ಜನರ ಕಣ್ಣಿಗೆ ಕಟ್ಟಿದ್ದು 1922ರ ಮೂಕಿ ಚಿತ್ರ 'ನೊಸ್ಫೆರಾಟು'. ಇಪ್ಪತ್ತೈದು ವರ್ಷಗಳಲ್ಲಿ ನಿಯಮ ಹೀಗೆ ಬದಲಾಗಿದ್ದರೆ ನೀವೂ ಅದನ್ನು ಬದಲಾಯಿಸಬಹುದು. ಆದರೆ ಮೊದಲ ಸಂಚಿಕೆಯಲ್ಲಿ ಒಪ್ಪಿಕೊಂಡ ನಿಯಮವನ್ನು ಐದನೆಯದರಲ್ಲಿ ನಾಯಕಿಯನ್ನು ಉಳಿಸುವುದಕ್ಕಾಗಿ ಮುರಿಯಬೇಡಿ. ಓದುಗರು ಸತ್ತ ಪಾತ್ರವನ್ನು ಕ್ಷಮಿಸುತ್ತಾರೆ, ಮುರಿದ ನಿಯಮವನ್ನು ಕ್ಷಮಿಸುವುದಿಲ್ಲ.

ನನ್ನ ನಗರಕ್ಕೆ ದಾರಿ ತೋರಿಸಿದ್ದು ನಾರ್ವೆಯ ರ್‍ಯೂಕಾನ್ ಎಂಬ ಪಟ್ಟಣ. ಬೆಟ್ಟಗಳ ಸಂದಿಯಲ್ಲಿರುವ ಆ ಊರಿಗೆ ಚಳಿಗಾಲದ ಸುಮಾರು ಆರು ತಿಂಗಳು ನೇರ ಬಿಸಿಲು ಬೀಳುವುದಿಲ್ಲ. 2013ರಲ್ಲಿ ಅಲ್ಲಿನವರು ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಬಿಸಿಲನ್ನು ಪೇಟೆಯ ಚೌಕಕ್ಕೆ ತಿರುಗಿಸಿದರು. ಆ ವಿಷಯ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಊರಿನವರೆಲ್ಲರಿಗೂ ಸೇರಿದ ಆ ಕನ್ನಡಿ ಒಬ್ಬ ಮಾಲೀಕನ ಕೈಗೆ ಹೋದರೆ? ಅಲ್ಲಿಂದ ನನ್ನ ನಗರ ಹುಟ್ಟಿತು. ಮೇಲಿನ ಅಂತಸ್ತಿನವರಿಗೆ ಆಕಾಶ. ಕೆಳಗಿನವರಿಗೆ ಕೊಳವೆಗಳೊಳಗೆ ಕನ್ನಡಿಯಿಂದ ಕನ್ನಡಿಗೆ ಪುಟಿದು ಇಳಿಯುವ, ಗಂಟೆಯ ಲೆಕ್ಕದಲ್ಲಿ ಮಾರುವ ಬಿಸಿಲು. ನಾಯಕಿ ಇಳಾ, ಹದಿನೈದು ವರ್ಷದವಳು, ಆ ಕೊಳವೆಗಳೊಳಗೆ ತೆವಳಿ ಕನ್ನಡಿ ಒರೆಸುವ ಕೂಲಿ. ಎರಡು ಕತ್ತಿಗಳಿಗೆ ಬದಲಾಗಿ ಅವಳ ಕೈಗೆ ಒಂದು ಬಟ್ಟೆ ಬಂತು, ಕಥೆ ಆಗ ಕದಲಿತು.

ನಿಯಮವನ್ನು ಎಷ್ಟು ಆಳಕ್ಕೆ ಯೋಚಿಸಬೇಕೆಂದು ನನಗೆ ಕಲಿಸಿದವನು ಅಕ್ಕನ ಮಗ. ಮೊದಲ ಕರಡು ಓದಿದವನೇ, "ಕನ್ನಡಿಯಲ್ಲಿ ಪುಟಿದ ಬಿಸಿಲು ಅವುಗಳನ್ನು ಕೊಲ್ಲುವುದಾದರೆ ಬೆಳದಿಂಗಳೂ ಕೊಲ್ಲಬೇಕಲ್ಲ? ಅದೂ ಚಂದ್ರನಿಂದ ಪುಟಿದ ಬಿಸಿಲೇ" ಎಂದು ಕೇಳಿದ. ಇಂಥ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಬೇಡಿ, ಕೂತು ಲೆಕ್ಕ ಮಾಡಿ. ಹುಣ್ಣಿಮೆಯ ಚಂದ್ರನಿಗಿಂತ ಸೂರ್ಯ ಸುಮಾರು 4 ಲಕ್ಷ ಪಟ್ಟು ಪ್ರಕಾಶಮಾನ. ಹಾಗಾಗಿ ನನ್ನ ಕಥೆಯಲ್ಲಿ ಪ್ರಮಾಣವೇ ಮುಖ್ಯವೆಂದು ತೀರ್ಮಾನಿಸಿದೆ: ಬೆಳದಿಂಗಳು ಅವುಗಳಿಗೆ ನವೆ ತರುತ್ತದೆ, ಅಷ್ಟೇ. ಇನ್ನು ಕನ್ನಡಿ. ಒಂದು ಸಾಧಾರಣ ಕನ್ನಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಹಿಂದಿರುಗಿಸುತ್ತದೆ ಎಂದಿಟ್ಟುಕೊಳ್ಳಿ. ಏಳು ಕನ್ನಡಿ ದಾಟುವಷ್ಟರಲ್ಲಿ ಉಳಿಯುವುದು ಅರ್ಧಕ್ಕಿಂತ ಕಡಿಮೆ, ಸುಮಾರು 48 ಪಾಲು. ಧೂಳು ಕೂತಿದ್ದರೆ ಇನ್ನೂ ಕಡಿಮೆ. ಏಳನೆಯ ತಿರುವಿನಲ್ಲಿ ವಾಸಿಸುವ ಕುಟುಂಬ ಉಳಿಯುವುದೂ ಅಳಿಯುವುದೂ ಇಳಾ ಆ ದಿನ ಕನ್ನಡಿಯನ್ನು ಎಷ್ಟು ಚೆನ್ನಾಗಿ ಒರೆಸಿದಳು ಎಂಬುದರ ಮೇಲೆ ನಿಂತಿತು. ಎರಡನೆಯ ಸಂಚಿಕೆಯ ಇಡೀ ಕಥೆ ನನಗೆ ಸಿಕ್ಕಿದ್ದು ಈ ಗುಣಾಕಾರದಲ್ಲಿ.

ಇದೇ ರೀತಿ ಹೊಸ್ತಿಲಿನ ನಿಯಮವನ್ನೂ ಹಿಡಿದು ನೋಡಿ. ಮನೆಯವರು ಕರೆಯದೆ ಪಿಶಾಚಿ ಮೊದಲ ಸಲ ಒಳಗೆ ಬರುವಂತಿಲ್ಲ ಎಂಬುದು ಸ್ಟೋಕರನ ಕಾದಂಬರಿಯಲ್ಲೇ ಇದೆ. ಸ್ವಂತ ಮನೆ ಯಾರಿಗೂ ಇಲ್ಲದ ನಗರದಲ್ಲಿ ಮನೆಯವರು ಎಂದರೆ ಯಾರು? ಮಲಗಿರುವವರೋ, ಪತ್ರದಲ್ಲಿ ಹೆಸರಿರುವವರೋ? ನನ್ನ ಕಥೆಯಲ್ಲಿ ಪತ್ರ ಗೆಲ್ಲುತ್ತದೆ. ಬಾಡಿಗೆ ಬಾಕಿ ಉಳಿಸಿಕೊಂಡವರ ಮನೆಗೆ ಕಂಪನಿಯೇ ಒಂದು ರುಜು ಹಾಕಿ ಅವುಗಳನ್ನು ಒಳಗೆ ಕರೆಯುತ್ತದೆ. ಹೀಗಾದಾಗ ನಗರದ ಅನ್ಯಾಯ ಬೇರೆ, ಪಿಶಾಚಿ ಬೇರೆ ಎಂದು ಉಳಿಯುವುದಿಲ್ಲ. ಈ ಬಗೆಯ ಕಥೆಗಳು ಸೋಲುವುದು ಇಲ್ಲಿಯೇ ಎಂಬುದು ನನ್ನ ಗಟ್ಟಿ ನಂಬಿಕೆ: ಹಿನ್ನೆಲೆಯಲ್ಲಿ ಕುಸಿದ ಕಟ್ಟಡಗಳು, ಮುನ್ನೆಲೆಯಲ್ಲಿ ಕೋರೆಹಲ್ಲು, ಒಂದಕ್ಕೊಂದು ಸಂಬಂಧವಿಲ್ಲ. ಪಿಶಾಚಿಗಳನ್ನು ತೆಗೆದುಹಾಕಿದರೂ ನಿಮ್ಮ ನಗರ ಇದ್ದಂತೆಯೇ ಇರುವುದಾದರೆ ಮತ್ತೊಮ್ಮೆ ನಕ್ಷೆ ಬರೆಯಿರಿ.

ಭವಿಷ್ಯದ ಜನ ಅವುಗಳನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ಯೋಚಿಸಿ. ಜಾಸ್ ವೇಡನ್ ಬರೆದ 'ಫ್ರೇ' ಸರಣಿಯಲ್ಲಿ ಮುಂದಿನ ಕಾಲದವರು ಅವುಗಳಿಗೆ 'ಲರ್ಕ್' ಎನ್ನುತ್ತಾರೆ. ಹೊಂಚಿ ಕಾಯುವುದು ಎಂಬ ಅರ್ಥದ ಆ ಒಂದು ಪದ, ಹಳೆಯ ತಿಳಿವಳಿಕೆಯೆಲ್ಲ ಅಳಿಸಿಹೋಗಿದೆ ಎಂಬುದನ್ನು ವಿವರಣೆಯಿಲ್ಲದೆ ಹೇಳಿಬಿಡುತ್ತದೆ. ನನ್ನ ಕೆಳನಗರದವರು ಅವುಗಳನ್ನು 'ಅತಿಥಿಗಳು' ಎನ್ನುತ್ತಾರೆ. "ಪಕ್ಕದ ಮನೆಗೆ ನಿನ್ನೆ ಅತಿಥಿ ಬಂದಿದ್ದರಂತೆ" ಎಂದು ಒಬ್ಬ ಮುದುಕಿ ಪಾತ್ರೆ ತೊಳೆಯುತ್ತ ಹೇಳುವ ಚೌಕಟ್ಟನ್ನು ಬರೆದಾಗ ನನಗೇ ಮೈ ಜುಮ್ಮೆಂದಿತು.

ಹುಡುಗಿಯನ್ನು ಹುಡುಗಿಯಾಗಿಯೇ ಬರೆಯಿರಿ. ಹದಿನೈದರ ಮೈಗೆ ಮೂವತ್ತರ ಮೈಕಟ್ಟು ತೊಡಿಸಬೇಡಿ. ಅದು ತಪ್ಪು, ಕಥೆಗೂ ಕೇಡು. ಆ ವಯಸ್ಸಿನವರು ಬೆಳೆಯುತ್ತಲೇ ಇರುತ್ತಾರೆ, ಮೂರನೆಯ ಸಂಚಿಕೆಯಲ್ಲಿ ಇಳಾಳ ತೋಳು ಅಂಗಿಯಿಂದ ಎರಡು ಬೆರಳು ಹೊರಗೆ ಬಂದಿದೆ. ಅವಳಿಗೆ ಹಗಲು ಕೂಲಿ, ರಾತ್ರಿ ಬೇಟೆ. ಹಾಗಾದರೆ ನಿದ್ದೆ ಯಾವಾಗ? ಕೊಳವೆಯೊಳಗೆ ಕನ್ನಡಿಗೆ ಹಣೆ ಆನಿಸಿ ತೂಕಡಿಸುವ ಎರಡು ಚೌಕಟ್ಟುಗಳನ್ನು ಹಾಕಿದೆ. ಅಕ್ಕನ ಮಗ ಬೆರಳಿಟ್ಟು ತೋರಿಸಿದ ಪುಟ ಅದೇ, ಹೊಡೆದಾಟದ ಪುಟವಲ್ಲ. ಗಾಯಗಳಿಗಾಗಿ ಬೇರೆ ಹಾಳೆ ಇಡಿ: ಮುಂದಿನಿಂದ ಒಂದು, ಹಿಂದಿನಿಂದ ಒಂದು ಮೈ ರೇಖೆ ಬರೆದು, ಯಾವ ಪುಟದಲ್ಲಿ ಎಲ್ಲಿ ಪೆಟ್ಟು ಬಿತ್ತೆಂದು ಗುರುತು ಮಾಡುತ್ತ ಹೋಗಿ. ನನ್ನ ಹಾಳೆಯಲ್ಲಿ ಎಡಗೈಯ ಕಿರುಬೆರಳಿನ ಮೇಲೆ 'ಸಂಚಿಕೆ 1, ಪುಟ 19' ಎಂದಿದೆ. ಅಂದಿನಿಂದ ಇಂದಿನವರೆಗೆ ಅವಳು ಆ ಬೆರಳನ್ನು ಮಡಿಚಿಲ್ಲ.

ಇನ್ನು ಕಾಗದದ ಕೆಲಸ. ಶಾಯಿಯಲ್ಲಿ ಬರೆಯುವವರಿಗೆ ಬಿಳಿ ಎಂದರೆ ಬರೆಯದೆ ಬಿಟ್ಟ ಕಾಗದ. ನನ್ನ ಕಥೆಯಲ್ಲಿ ಬಿಸಿಲೇ ಆಯುಧವಾದ್ದರಿಂದ ಒಂದು ಕಟ್ಟುಪಾಡು ಹಾಕಿಕೊಂಡೆ: ಕೆಳನಗರದ ಪುಟಗಳಲ್ಲಿ ಬಿಸಿಲು ಬಿದ್ದ ಕಡೆ ಬಿಟ್ಟು ಬೇರೆಲ್ಲಿಯೂ ಶುದ್ಧ ಬಿಳಿ ಇರಬಾರದು. ಕಣ್ಣಿನ ಬಿಳಿಗೂ ತೆಳು ಬೂದು, ಹಲ್ಲಿಗೂ ಬೂದು, ಮಾತಿನ ಗುಳ್ಳೆಗೂ ಬೂದು. ಚೌಕಟ್ಟುಗಳ ನಡುವಿನ ಓಣಿ ಪೂರ್ತಿ ಕಪ್ಪು.

ಮೊದಲ ಸಂಚಿಕೆಯ ಏಳನೆಯ ಪುಟವನ್ನೇ ನೋಡಿ. ಐದು ಚೌಕಟ್ಟು, ಒಂದೂ ಮಾತಿಲ್ಲ. ಒಂದನೆಯದರಲ್ಲಿ ಕೊಳವೆಯ ಬಿರುಕಿನಿಂದ ನೆಲಕ್ಕೆ ಬಿದ್ದ ಬಿಸಿಲಿನ ಪಟ್ಟಿ, ಅದರೊಳಗೆ ಮಂಡಿ ಮಡಚಿ ಕೂತ ಇಳಾ. ಎರಡನೆಯದು ಅದೇ ಕೋನ, ಪಟ್ಟಿ ಒಂದು ಗೇಣು ಸರಿದಿದೆ, ಅವಳೂ ಸರಿದಿದ್ದಾಳೆ. ಮೂರನೆಯದರಲ್ಲಿ ಪಟ್ಟಿಯ ಅಂಚಿನಾಚೆ ಕತ್ತಲಲ್ಲಿ ನಾಲ್ಕು ಬರಿಗಾಲುಗಳು. ನಾಲ್ಕನೆಯದರಲ್ಲಿ ಪಟ್ಟಿ ಗೋಡೆ ಹತ್ತತೊಡಗಿದೆ, ಅವಳು ಬೆನ್ನನ್ನು ಗೋಡೆಗೆ ಒತ್ತಿ ನಿಂತಿದ್ದಾಳೆ. ಐದನೆಯದರಲ್ಲಿ ಅವಳ ಮುಖದ ಮೇಲೆ ಉಳಿದದ್ದು ಒಂದು ಕಣ್ಣಗಲದ ಬಿಳಿ. ಪುಟ ತಿರುಗಿಸಿದರೆ ಎಂಟು, ಇಡೀ ಪುಟ ಕಪ್ಪು. ಈ ಜಾಗವನ್ನು ಬೇಕೆಂದೇ ಆರಿಸಿದ್ದು. ಎಡದಿಂದ ಬಲಕ್ಕೆ ಓದುವ ಪುಸ್ತಕದಲ್ಲಿ ಬೆಸ ಸಂಖ್ಯೆಯ ಪುಟ ಬಲಗಡೆ ಬರುತ್ತದೆ. ಅಲ್ಲಿ ಉಸಿರು ಬಿಗಿಹಿಡಿಸಿ, ತಿರುಗಿಸಿದ ಮೇಲೆ ಸಿಗುವ ಸಮ ಪುಟದಲ್ಲಿ ಪೆಟ್ಟು ಕೊಡಬೇಕು. ಆಘಾತವನ್ನು ಬೆಸ ಪುಟದಲ್ಲಿ ಇಟ್ಟರೆ ಓದುಗನ ಓರೆಗಣ್ಣಿಗೆ ಅದು ಮೊದಲೇ ಬಿದ್ದಿರುತ್ತದೆ. ಮೊಬೈಲ್‌ನಲ್ಲಿ ಕೆಳಕ್ಕೆ ಸರಿಸಿ ಓದುವವರಿಗೆ ಮಾಡುತ್ತಿದ್ದರೆ ತಿರುವಿನ ಬದಲು ಉದ್ದನೆಯ ಖಾಲಿ ಕಪ್ಪು ಬಿಡಿ.

ಅಕ್ಷರದ ವಿಷಯದಲ್ಲಿ ಕನ್ನಡಕ್ಕೆ ಅದರದೇ ಕಷ್ಟಗಳಿವೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು, ಗುಳ್ಳೆ ಎತ್ತರವಾಗುತ್ತದೆ. 'ಹೋಗಬೇಕಾಗಿರಲಿಲ್ಲ' ಎಂಬುದು ಒಂದೇ ಪದ. ಅದನ್ನು ಒಡೆದರೆ ಓದು ಎಡವುತ್ತದೆ, ಒಡೆಯದಿದ್ದರೆ ಗುಳ್ಳೆ ಚಿತ್ರವನ್ನು ನುಂಗುತ್ತದೆ. ಆದ್ದರಿಂದ ಮಾತನ್ನೇ ಚಿಕ್ಕದಾಗಿಸಿ: "ಹೋಗಬಾರದಿತ್ತು." ಕಿರುಚಿದ್ದನ್ನು ತೋರಿಸಲು ನಮ್ಮಲ್ಲಿ ದೊಡ್ಡಕ್ಷರದ ಲಿಪಿ ಇಲ್ಲ, ಗಾತ್ರ ಮತ್ತು ದಪ್ಪದಿಂದಲೇ ಹೇಳಬೇಕು. ಪೆನ್ಸಿಲ್ ಹಂತದಲ್ಲೇ ಗುಳ್ಳೆಗಳ ಜಾಗ ಗುರುತಿಸಿ. ಚಿತ್ರ ಮುಗಿದ ಮೇಲೆ ಜಾಗ ಹುಡುಕಹೊರಟರೆ ನೀವು ಮನಸ್ಸಿಟ್ಟು ಬರೆದ ಕೈಯ ಮೇಲೆಯೇ ಮಾತು ಕೂರುತ್ತದೆ.

ಸರಣಿಯ ಉದ್ದವನ್ನು ಮೊದಲೇ ಗೊತ್ತುಮಾಡಿ. 'ಫ್ರೇ' ಎಂಟು ಸಂಚಿಕೆಗಳದ್ದು. ಚಿತ್ರಕಾರ ಕಾರ್ಲ್ ಮೊಲೀನ್, ಪ್ರಕಾಶಕರು ಡಾರ್ಕ್ ಹಾರ್ಸ್. ವೃತ್ತಿಪರರು 2001ರಲ್ಲಿ ಆರಂಭಿಸಿದ ಆ ಎಂಟು ಸಂಚಿಕೆಗಳು ಮುಗಿದದ್ದು 2003ರಲ್ಲಿ. ಸಂಜೆಯ ಬಿಡುವಿನಲ್ಲಿ ಒಬ್ಬರೇ ಬರೆಯುವವರು ಇಪ್ಪತ್ತು ಸಂಚಿಕೆಯ ಆಸೆ ಕಟ್ಟಿಕೊಳ್ಳಬೇಡಿ. ನಾನು ಆರಕ್ಕೆ ನಿಲ್ಲಿಸುತ್ತೇನೆ, ಸಂಚಿಕೆಗೆ 24 ಪುಟ. ಮಡಿಚಿ ಪಿನ್ ಹೊಡೆಯುವ ಪುಸ್ತಕದಲ್ಲಿ ಒಂದು ಹಾಳೆಗೆ ನಾಲ್ಕು ಪುಟ ಸಿಗುವುದರಿಂದ ಪುಟಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು. ಕೊನೆಯ ಸಂಚಿಕೆಯ ಕೊನೆಯ ಪುಟವನ್ನು ಮೊದಲ ಸಂಚಿಕೆಗೆ ಶಾಯಿ ಹಾಕುವ ಮುನ್ನವೇ ಕರಡಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ದಾರಿ ತಪ್ಪಿದಾಗೆಲ್ಲ ಅದನ್ನು ತೆಗೆದು ನೋಡುತ್ತೇನೆ.

ಅಚ್ಚಿಗೆ ಕೊಡುವ ಮುನ್ನ ಕಪ್ಪನ್ನು ಪರೀಕ್ಷಿಸಿ. ಕಪ್ಪು ಶಾಯಿಯೊಂದರಿಂದಲೇ ಮುದ್ರಿಸಿದ ದೊಡ್ಡ ಪ್ರದೇಶ ಕಾಗದದ ಮೇಲೆ ಮಾಸಿದ ಬೂದಿಯಂತೆ ಕಾಣುತ್ತದೆ, ಅದಕ್ಕೆ ಸ್ವಲ್ಪ ನೀಲಿ ಬೆರೆಸಬೇಕು; ಅಕ್ಷರಗಳನ್ನು ಮಾತ್ರ ಬರೀ ಕಪ್ಪಿನಲ್ಲೇ ಇಡಬೇಕು, ಇಲ್ಲವಾದರೆ ಬಣ್ಣ ಒಂದು ಕೂದಲಷ್ಟು ಸರಿದರೂ ಒತ್ತಕ್ಷರಗಳು ಕದಡಿಹೋಗುತ್ತವೆ. ನನ್ನ ಮೊದಲ ಮಾದರಿ ಪ್ರತಿಯಲ್ಲಿ ಎಂಟನೆಯ ಪುಟ ಕತ್ತಲಾಗಿರಲಿಲ್ಲ, ಮಂಜಾಗಿತ್ತು. ನೀಲಿ ಬೆರೆಸಿ ಮತ್ತೆ ತೆಗೆಸಿದೆ. ಆ ಪ್ರತಿಯನ್ನು ಅಕ್ಕನ ಮಗನಿಗೆ ಕೊಟ್ಟೆ. ಏಳನೆಯ ಪುಟ ತಿರುಗಿಸಿದವನು ತಟ್ಟನೆ ಹಿಂದಕ್ಕೆ ತಿರುಗಿಸಿ, ಅವಳ ಕಣ್ಣಿನ ಮೇಲೆ ಬಿಸಿಲು ಇನ್ನೂ ಇದೆಯೇ ಎಂದು ನೋಡಿದ.